ಮನೆಗೊಂದು ಮೂಟೆಯ ತಾರಸಿ

ನಾನು ಸೆಂಟ್ರಿಂಗ್ ಮೇಸ್ತ್ರಿ. ಕಂಬ ನಿಲ್ಲಿಸಿ, ಮೇಲೆ ತಗಡು ಹಾಸಿ, ಕಂಬಿ ಕಟ್ಟಿಸಿ, ಕಾಂಕ್ರೀಟು ಸುರಿಸಿ, ಅದು ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಹೋಗುವವನು. ಗುಮ್ಮಳಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬಿಡಿಸಿದರು ಎಂದು ಯಾರ ಮೇಲೂ ಹೇಳುವುದಿಲ್ಲ, ನಾನೇ ಬಿಟ್ಟೆ. ಹೊಸೂರಿಗೆ ಬಂದು ಬಾಂಡ್ಲಿ ಹೊತ್ತೆ, ಕಂಬಿ ಬಗ್ಗಿಸಿದೆ, ಆಮೇಲೆ ನಾಲ್ಕು ಜನಕ್ಕೆ ಕೆಲಸ ಕೊಡುವವನಾದೆ. ಮೂಕಂಡಪಲ್ಲಿಯಲ್ಲಿ ಈಗ ಸ್ವಂತ ಮನೆ ಇದೆ. ಯಾರ ಹಂಗಿನಲ್ಲೂ ಇಲ್ಲ. ನಾನು ನಿಂತು ಹಾಕಿಸಿದ ತಾರಸಿ ಒಂದೂ ಸೋರಿದ್ದಿಲ್ಲ. ಇದನ್ನು ಜಂಬ ಎಂದರೆ ಅನ್ನಲಿ. ನನಗೆ ಬೋರ್ಡಿಲ್ಲ, ಆಫೀಸಿಲ್ಲ, ಇರುವುದು ಹೆಸರೊಂದೇ. ಅದು ಕೆಟ್ಟರೆ ನಾಳೆಯ ಕೆಲಸ ಇಲ್ಲ.

ಆ ಹೆಸರು ಕೆಟ್ಟೇಹೋಯಿತು ಎಂದು ನಾನು ನಿಜವಾಗಿ ಹೆದರಿದ್ದು ಒಂದೇ ಸಲ. ಹೆದರಿಸಿದವರು ನಮ್ಮ ಹಿಂದಿನ ಬೀದಿಯ ಚರ್ಚಿನವರು. ಅವರಷ್ಟು ಒಳ್ಳೆಯ ಜನರನ್ನು ನಾನು ಕೆಲಸ ಮಾಡಿದ ಕಡೆ ಬೇರೆಲ್ಲೂ ಕಂಡಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಚರ್ಚು ಎಂದರೆ ಆಗ ಒಂದು ತಗಡಿನ ಶೆಡ್ಡು. ಬರುವವರು ಹೆಚ್ಚಾಗಿ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೆಲಸ ಮಾಡುವವರು. ತೆಂಕಣ ತಮಿಳುನಾಡಿನಿಂದ ಬಂದವರು ಕೆಲವರು, ಕುಪ್ಪಂ ಕಡೆಯ ತೆಲುಗರು ಕೆಲವರು, ನಮ್ಮ ಕಡೆಯ ಕನ್ನಡದವರೂ ನಾಲ್ಕಾರು ಮನೆ. ಭಾನುವಾರ ಒಂದು ಹಾಡು ತಮಿಳಿನಲ್ಲಿ, ಇನ್ನೊಂದು ತೆಲುಗಿನಲ್ಲಿ, ಕನ್ನಡದ್ದೊಂದು ಕಡೆಯಲ್ಲಿ. ನಮ್ಮ ಮನೆಯ ಹಿಂಬಾಗಿಲಿಗೆ ಎಲ್ಲವೂ ಕೇಳುತ್ತಿತ್ತು. ಮಳೆ ಬಂದರೆ ತಗಡಿನ ಸದ್ದಿಗೆ ಪಾಸ್ಟರ ಮಾತು ಕೇಳುತ್ತಿರಲಿಲ್ಲ. ಆಗ ಅವರು ಮಾತು ನಿಲ್ಲಿಸಿ ಮಳೆ ನಿಲ್ಲುವವರೆಗೂ ಹಾಡುತ್ತಿದ್ದರು. ಮಳೆ ಜೋರಾದಷ್ಟೂ ಇವರ ತಮಟೆ ಜೋರು. ನಮ್ಮನೆಯವಳು ಪಾತ್ರೆ ತೊಳೆಯುತ್ತಾ, "ಇವತ್ತು ಮಳೆ ಗೆಲ್ತದೋ ಇವ್ರು ಗೆಲ್ತಾರೋ" ಅನ್ನುತ್ತಿದ್ದಳು.

ಶೆಡ್ಡಿಗೆ ತಾರಸಿ ಹಾಕಬೇಕು ಎಂದು ಪಾಸ್ಟರು ನನ್ನ ಹತ್ತಿರ ಬಂದರು. ತೆಳ್ಳಗಿನ ಮನುಷ್ಯ, ಹಳೇ ಸ್ಕೂಟರು, ಮಾತಿನಲ್ಲಿ ಕನ್ನಡ ಅರ್ಧ ತಮಿಳು ಅರ್ಧ. ಶೆಡ್ಡಿನ ಸುತ್ತ ಹೊಸ ಗೋಡೆ ಎದ್ದಿತ್ತು, ತಾರಸಿ ಮಾತ್ರ ಬಾಕಿ. ಸಿಮೆಂಟಿನ ಯೋಚನೆ ನಿಮಗೆ ಬೇಡ, ಮನೆಗೊಂದು ಮೂಟೆ ಅಂತ ಹೇಳಿದ್ದೇನೆ, ಅವರೇ ತಂದು ಹಾಕುತ್ತಾರೆ ಎಂದರು. ಸರಿ, ಆದರೆ ಎಲ್ಲರೂ ಒಂದೇ ಕಂಪನಿಯದು ತರಲಿ ಎಂದೆ. ತಲೆ ಆಡಿಸಿದರು. ಆ ತಲೆ ಆಡಿಸುವುದನ್ನು ನಾನು ನಂಬಿದೆ.

ಮೂಟೆಗಳು ಬರತೊಡಗಿದವು. ಒಬ್ಬ ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಬಂದ. ಒಬ್ಬ ಆಟೋದಲ್ಲಿ ಹೆಂಡತಿ ಮಕ್ಕಳ ಜೊತೆ ಮೂಟೆಯನ್ನೂ ಸೀಟಿನ ಮೇಲೆ ಕೂರಿಸಿ ತಂದ. ಫ್ಯಾಕ್ಟರಿಗಳಿರುವ ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನ ಹತ್ತಿರ ಇಡ್ಲಿ ಮಾರುವ ಮುದುಕಿ ತನ್ನ ತಳ್ಳುಗಾಡಿಯ ಮೇಲೆ, ಸಾಂಬಾರಿನ ಡಬರಿ ಇಡುವ ಜಾಗದಲ್ಲಿ ಮೂಟೆ ಮಲಗಿಸಿ, ತಾನೇ ತಳ್ಳಿಕೊಂಡು ಬಂದಳು. ಚೀಲ ತಿರುಗಿಸಿ ನೋಡಿದರೆ ಇದು ಒಂದು ಕಂಪನಿ, ಅದು ಇನ್ನೊಂದು ಕಂಪನಿ. ಒಬ್ಬೊಬ್ಬರು ತಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ತಮಗೆ ಯಾವುದು ಶ್ರೇಷ್ಠ ಅನಿಸಿತೋ ಅದನ್ನು ತಂದಿದ್ದಾರೆ. ಅಷ್ಟೇ ಅಲ್ಲ, ನಿನ್ನದಕ್ಕಿಂತ ನನ್ನದು ಒಳ್ಳೆಯದು ಎಂದು ಶೆಡ್ಡಿನ ಮುಂದೆ ವಾದ ಬೇರೆ ನಡೆಯುತ್ತಿತ್ತು.

ನಾನು ಪಾಸ್ಟರಿಗೆ ಬೈಯುವಷ್ಟೂ ಬೈದೆ. ದುಡ್ಡು ಒಟ್ಟುಮಾಡಿ ಒಂದೇ ಲಾರಿಯಲ್ಲಿ ತರಿಸಬಾರದಿತ್ತೇ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ.

"ಎಲ್ಲಾರೂ ಅವರವರ ಕೈಯಾರೆ ತರ್ಬೇಕು ಅಂತ ಆಸೆ ಪಟ್ಟಾಂಗೊ ಮೇಸ್ತ್ರಿ," ಎಂದರು. "ಲಾರೀಲಿ ಬಂದ್ರೆ ಯಾರದು ಯಾವುದು ಅಂತ ತೆರಿಯಾದಲ್ಲ."

"ಕಾಂಕ್ರೀಟಾದ್ಮೇಲೂ ಯಾರ್ದು ಅಂತ ತಿಳಿಯಲ್ಲ ಸಾರ್," ಎಂದೆ ನಾನು. ಎಷ್ಟು ತಪ್ಪು ಹೇಳಿದೆ ಎಂದು ಆಮೇಲೆ ಗೊತ್ತಾಯಿತು.

ಗ್ರೇಡು ಎಲ್ಲವೂ ಒಂದೇ ಇತ್ತು. ಹಾಗಾಗಿ ಗಟ್ಟಿತನಕ್ಕೆ ಮೋಸವಿಲ್ಲ. ಆದರೆ ಕಂಪನಿಗೊಂದು ಬಣ್ಣ, ಒಂದು ಕಪ್ಪಗೆ, ಒಂದು ಬೂದಿಯಂತೆ, ಒಂದು ಹಸಿರಿಗೆ ತಿರುಗಿದ ಹಾಗೆ. ಒಂದು ಸಲದ ಕಲಸಿಗೆ ಎರಡು ಕಂಪನಿ ಬೆರೆಸುವುದು ನನ್ನ ಪದ್ಧತಿಯಲ್ಲ. ಒಂದೊಂದು ಕಂಪನಿಯ ಮೂಟೆ ಒಂದೊಂದು ಕಡೆ ಜೋಡಿಸಿಟ್ಟೆ. ಕೆಳಗಡೆ ತೇಪೆ ತೇಪೆ ಕಂಡರೂ ಹೇಗೂ ಗಾರೆ ಹಾಕಿ ಮುಚ್ಚಿಬಿಡುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೀಗೆ ಜೋಡಿಸುವಾಗ ಒಂದು ಮೂಟೆ ಎತ್ತಿದರೆ ಕಲ್ಲು. ಮೊಟ್ಟಮೊದಲು ಕೊಂಡ ಮೂಟೆ ಅದು. ಬಸ್ಸಿನ ಚಾಸಿಸ್ ಮಾಡುವ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿರುವವನೊಬ್ಬ, ತಾರಸಿಯ ಮಾತು ಬಂದ ದಿನವೇ ಓಡಿಹೋಗಿ ಕೊಂಡುಬಿಟ್ಟಿದ್ದನಂತೆ. ಬಾಡಿಗೆ ಮನೆ, ಜಾಗವಿಲ್ಲ, ಬಚ್ಚಲಿನ ಗೋಡೆಗೆ ಒರಗಿಸಿ ಇಟ್ಟಿದ್ದ. ತಿಂಗಳುಗಟ್ಟಲೆ ತೇವ ಕುಡಿದು ಒಳಗೇ ಗಟ್ಟಿಯಾಗಿತ್ತು. ಎಲ್ಲರಿಗಿಂತ ಮೊದಲು ಕೊಂಡವನ ಮೂಟೆಯೇ ಕೆಲಸಕ್ಕೆ ಬಾರದ್ದಾಯಿತು. ಅವನ ಮುಖ ನೋಡಲಾಗಲಿಲ್ಲ. ಮಗಳ ಮುಂದೆ ನಿಂತು ಕಣ್ಣು ಒರೆಸಿಕೊಂಡ. ನನ್ನ ಮನೆಯಲ್ಲಿ ನೀರಿನ ತೊಟ್ಟಿ ಕಟ್ಟಲೆಂದು ಒಂದು ಮೂಟೆ ತಂದಿಟ್ಟಿದ್ದೆ. ನನ್ನ ಬಾಮೈದನಿಗೆ ಹೇಳಿ ಅದನ್ನು ತರಿಸಿ, ಫಿಟ್ಟರನ ಮೂಟೆ ಇದ್ದ ಜಾಗದಲ್ಲಿ ಇಟ್ಟೆ.

"ಇದು ದಾನ ಗೀನ ಅಲ್ಲ," ಎಂದೆ ಅವನಿಗೆ. "ಅಳತೆಗೆ ಕಮ್ಮಿ ಬಿದ್ರೆ ನನ್ನ ತಾರಸಿ ಕೆಡ್ತದೆ, ಅದ್ಕೆ."

ಅವನು ಕಲ್ಲಾದ ಮೂಟೆಯನ್ನು ಬಿಸಾಡಲು ಬಿಡಲಿಲ್ಲ. ಮೇಲಿನ ಚೀಲ ಸುಲಿದು, ಹೊಸ್ತಿಲ ಮುಂದೆ ಮೆಟ್ಟಿಲಾಗಿ ಹಾಕಿಸಿದ. ಈಗಲೂ ಎಲ್ಲರೂ ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗುವುದು.

ಕಾಂಕ್ರೀಟಿನ ದಿನ ಶನಿವಾರ ಎಂದು ಗೊತ್ತುಮಾಡಿದೆವು. ಬೆಳಿಗ್ಗೆಯೇ ಮಿಕ್ಸರು ಬಂತು, ವೈಬ್ರೇಟರು ಬಂತು, ಜಲ್ಲಿ ಮರಳು ಬಿದ್ದಿತ್ತು, ತಗಡು ಕಳಚಿದ ಶೆಡ್ಡಿನಿಂದ ಮೂಟೆಗಳನ್ನು ಹೊರಗೆ ತಂದು ಜೋಡಿಸಿಯಾಗಿತ್ತು. ಬಾರದೆ ಇದ್ದದ್ದು ಆಳುಗಳು. ಯಾವುದೋ ದೊಡ್ಡ ಸೈಟಿನವನು ಮುಂಜಾನೆಯೇ ಲಾರಿ ತಂದು ಗುಂಪಿಗೆ ಗುಂಪನ್ನೇ ಕರೆದುಕೊಂಡು ಹೋಗಿಬಿಟ್ಟಿದ್ದ. ನನ್ನ ಕಡೆ ಉಳಿದವರು ಬಾಮೈದ, ಇಬ್ಬರು ಹಳೇ ಕೆಲಸದವರು, ಅಷ್ಟೇ. ಕೃಷ್ಣಗಿರಿ ಕಡೆಯಿಂದ ಮೋಡ ಏರುತ್ತಿತ್ತು.

ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ತಾರಸಿ ಶುರು ಮಾಡಿದರೆ ಮುಗಿಯುವವರೆಗೂ ನಿಲ್ಲಿಸಬಾರದು. ಅರ್ಧಕ್ಕೆ ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗುವುದಿಲ್ಲ. ಅಲ್ಲೇ ಗೆರೆ, ಗೆರೆಯಲ್ಲೇ ನೀರು. ಹೀಗಾಗಿ ನನ್ನ ಮುಂದೆ ಎರಡೇ ದಾರಿ. ಇವತ್ತು ಬೇಡ ಎಂದರೆ ಬಯಲಲ್ಲಿರುವ ಮನೆಮನೆಯ ಮೂಟೆ ಮಳೆಗೆ ಸಿಕ್ಕುತ್ತದೆ. ಶುರು ಮಾಡಿ ಮಧ್ಯೆ ನಿಂತರೆ ನನ್ನ ಹೆಸರು ಸೋರುತ್ತದೆ. ಬೇಡವೆಂದೇ ಪಾಸ್ಟರಿಗೆ ಹೇಳಿದೆ.

"ಎತ್ತನೆ ಪೇರು ಬೇಕು?" ಎಂದು ಕೇಳಿದರು.

"ಜನ ಅಲ್ಲ ಸಾರ್, ಕೆಲಸ ಗೊತ್ತಿರೋರು ಬೇಕು."

"ಹೇಳ್ಕೊಡಿ. ಕಲಿತಾರೆ."

ಫೋನು ತೆಗೆದು ಅವರ ವಾಟ್ಸಾಪ್ ಗುಂಪಿಗೆ ಏನೋ ಮಾತಾಡಿ ಕಳಿಸಿದರು. ನಾನು ಮಿಕ್ಸರಿನವನ ಜೊತೆ ಟೀ ಕುಡಿದು ಬರುವಷ್ಟರಲ್ಲಿ ಬೀದಿ ತುಂಬಿತ್ತು. ಮಧ್ಯಾಹ್ನದ ಶಿಫ್ಟಿಗೆ ಹೋಗಬೇಕಾದವರೆಲ್ಲ ಲುಂಗಿ ಎತ್ತಿಕಟ್ಟಿಕೊಂಡು ಬಂದಿದ್ದರು. ಹೆಂಗಸರು ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನೊಬ್ಬ ಕ್ರಿಕೆಟ್ಟಿನ ಗ್ಲೌಸು ಹಾಕಿಕೊಂಡು ಬಂದಿದ್ದ. ಅದನ್ನು ಬಿಚ್ಚಿಸಿದೆ.

ಮೊದಲ ಸುತ್ತು ನೋಡಿ ನನಗೆ ಎದೆ ಒಡೆಯಿತು. ಉತ್ಸಾಹ ಅತಿಯಾಗಿತ್ತು. ಒಬ್ಬ ಬಾಂಡ್ಲಿ ತುಂಬುವ ಮೊದಲೇ ಓಡುತ್ತಾನೆ, ಇನ್ನೊಬ್ಬ ಬೇಗ ಕಲಸಲಿ ಎಂದು ಮಿಕ್ಸರಿಗೆ ಕೊಡಪಾನದಲ್ಲಿ ನೀರು ಸುರಿಯಲು ಹೋಗುತ್ತಾನೆ. ತಾರಸಿಗೆ ಹಾಕಿದ್ದ ಮೆಟ್ಟಿಲ ಮೇಲೆ ಹತ್ತುವವರೂ ಇಳಿಯುವವರೂ ಡಿಕ್ಕಿ. ನಾನು ನನ್ನ ಆಳುಗಳಿಗೆ ಬೈಯುವ ಹಾಗೆಯೇ ಬೈದೆ. "ಲೇ, ಬಾಂಡ್ಲಿ ಎಸೀಬೇಡ ಕಣ್ಲಾ, ಕೂಸು ಕೊಟ್ಟಂಗೆ ಕೊಡು" ಎಂದು ಕೂಗಿದೆ. ತಿರುಗಿದರೆ ಬ್ಯಾಂಕಿನವನು. ಅವನು "ಸರಿ ಮೇಸ್ತ್ರಿ" ಎಂದು ಮುಂದಿನ ಬಾಂಡ್ಲಿಯನ್ನು ನಿಜವಾಗಿ ಕೂಸಿನ ಹಾಗೇ ಎದೆಗೆ ಆನಿಸಿಕೊಂಡು ಬಂದ. ಅಂಗಿ ಪೂರ್ತಿ ಸಿಮೆಂಟು. ಹೆಂಗಸರೆಲ್ಲ ನಕ್ಕರು.

ದಾರಿಗೆ ತಂದವನು ಫಿಟ್ಟರ್. ಅವನು ಎಲ್ಲರನ್ನೂ ನಿಲ್ಲಿಸಿದ. ಓಡಬೇಡಿ, ನಿಂತ ಕಡೆಯೇ ನಿಲ್ಲಿ, ಬಾಂಡ್ಲಿ ಓಡಲಿ ಎಂದ. ಮಿಕ್ಸರಿನಿಂದ ಮೆಟ್ಟಿಲ ಮೇಲೆ ಹಾದು ತಾರಸಿಯ ತುದಿಯವರೆಗೆ ಒಂದು ಸಾಲು, ಖಾಲಿ ಬಾಂಡ್ಲಿ ಇಳಿದು ಬರಲು ಇನ್ನೊಂದು ಸಾಲು. ಫ್ಯಾಕ್ಟರಿಯಲ್ಲಿ ದಿನಾ ಮಾಡುವುದು ಅದನ್ನೇ. ಅವರಿಗೆ "ಲೈನ್ ನಿಲ್ಲಬಾರದು" ಎಂಬ ಮಾತು ರಕ್ತದಲ್ಲಿದೆ. ನಾನು ಒಂದು ಗಂಟೆ ಕೂಗಿದರೂ ಆಗದ್ದು ಆ ಒಂದು ಮಾತಿಗೆ ಆಯಿತು. ಆಮೇಲೆ ಒಬ್ಬ ತಮಟೆ ತಂದು ಕೂತ. ಹಾಡು ಶುರುವಾಯಿತು. ಹಾಡಿನ ಲಯಕ್ಕೆ ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಹಾಡು ನಿಧಾನವಾದರೆ ನಾನೇ ಮೇಲಿನಿಂದ, "ಬೇರೆ ಹಾಡು ಹಾಕ್ರಪ್ಪಾ, ಇದು ಜೋಗುಳ ಇದ್ದಂಗದೆ" ಎನ್ನುತ್ತಿದ್ದೆ.

ಮೇಲೆ ನಾನು ಮಟ್ಟಗೋಲು ಹಿಡಿದಿದ್ದೆ. ಇಡ್ಲಿ ಮುದುಕಿ ಸಾಲಿನಲ್ಲಿ ನಿಲ್ಲಲಾರಳು, ಆದರೆ ಕೆಳಗೆ ನಿಂತು ನನ್ನನ್ನೇ ಕೂಗುತ್ತಿದ್ದಳು. ಅವಳ ಮಾತು ತೆಲುಗೂ ಕನ್ನಡವೂ ಸೇರಿದ್ದು.

"ಒಯ್, ಮೇಸ್ತ್ರಿ. ನನ್ನ ಮೂಟೆ ಎಲ್ಲಿಗೆ ಹಾಕ್ತೀಯಪ್ಪಾ?"

"ಅಜ್ಜಿ, ಕಾಂಕ್ರೀಟ್ನಾಗೆ ನಿಂದು ನಂದು ಅಂತ ಏನಿರ್ತದೆ?"

"ಅದೆಲ್ಲ ನಂಗೆ ತಿಳೀದು. ಬಾಗ್ಲು ತಾವ ಹಾಕು. ನಾನು ಕೂರೋದು ಅಲ್ಲೇ. ಇಡ್ಲಿ ಗಾಡಿ ಕಡೀಕೂ ಒಂದು ಕಣ್ಣಿಡಬೇಕಲ್ಲ."

ಅವಳು ತಂದಿದ್ದ ಕಂಪನಿಯ ಮೂಟೆ ಅದೊಂದೇ ಇತ್ತು. ಅದು ಎಲ್ಲಕ್ಕಿಂತ ಕಪ್ಪು. ಯಾವ ಕಡೆ ಹಾಕಿದರೂ ನನಗೇನು, ಮುದುಕಿಯ ಕಾಟ ತಪ್ಪಿದರೆ ಸಾಕು ಎಂದು ಬಾಗಿಲ ಮೇಲಿನ ಮೂಲೆಗೆ ಬಂದಾಗ ಅವಳ ಮೂಟೆಯನ್ನೇ ಒಡೆಸಿದೆ.

ಮಧ್ಯಾಹ್ನವಾಗುತ್ತಿದ್ದಂತೆ ನನಗೆ ಭಯ ಹತ್ತಿತು. ಇವರೆಲ್ಲ ಎರಡನೇ ಶಿಫ್ಟಿನವರು. ಕಂಪನಿ ಬಸ್ಸು ಬಂದರೆ ಹೋಗಲೇಬೇಕು. ತಾರಸಿ ಅರ್ಧವೂ ತುಂಬಿರಲಿಲ್ಲ. ಗಳಿಗೆಗೊಮ್ಮೆ ಗಂಟೆ ನೋಡಿದೆ. ಹಾಗಂತ ಯಾರನ್ನೂ ಇರಿ ಎಂದು ಕೇಳುವವನಲ್ಲ ನಾನು. ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ನು ಕೇಳಿತು. ಆ ಬಸ್ಸಿನಿಂದ ಇಳಿದವರು ಮೊದಲನೇ ಶಿಫ್ಟು ಮುಗಿಸಿ ಬಂದ ಅದೇ ಚರ್ಚಿನವರು. ಯೂನಿಫಾರಮ್ಮಿನಲ್ಲೇ, ಕೊರಳಲ್ಲಿ ಐಡಿ ಕಾರ್ಡು ನೇತಾಡುತ್ತಿದ್ದ ಹಾಗೆಯೇ, ಮನೆಗೂ ಹೋಗದೆ ನೇರ ಬಂದರು. ಚೀಲ ಗೋಡೆಗೆ ಒರಗಿಸಿ, ಸಾಲಿನಲ್ಲಿ ಒಬ್ಬೊಬ್ಬರ ಪಕ್ಕಕ್ಕೆ ಒಬ್ಬೊಬ್ಬರು ನಿಂತು, ಬಾಂಡ್ಲಿಯನ್ನು ನಡುಗಾಳಿಯಲ್ಲೇ ಅವರ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡರು. ಹೋಗುವವರು ಪಕ್ಕಕ್ಕೆ ಸರಿದು ಕೈತೊಳೆದು ಬಸ್ಸು ಹತ್ತಿದರು. ಒಂದು ಬಾಂಡ್ಲಿಯೂ ನಿಲ್ಲಲಿಲ್ಲ. ಹಾಡು ಸಹ ನಿಲ್ಲಲಿಲ್ಲ, ಹೋಗುವವರು ಬಿಟ್ಟ ಸಾಲನ್ನು ಬಂದವರು ಎತ್ತಿಕೊಂಡರು.

ನಾನು ಬಹಳ ಕಡೆ ಕೆಲಸ ಮಾಡಿದವನು. ಕೂಲಿ ಕೊಟ್ಟು ಕರೆಸಿದ ಆಳುಗಳೇ ಊಟದ ಹೊತ್ತಿಗೆ ಬಾಂಡ್ಲಿ ಕವುಚಿಹಾಕಿ ಹೋಗುವುದನ್ನು ನೋಡಿದ್ದೇನೆ. ಎಂಟು ಗಂಟೆ ಮೆಷಿನ್ನಿನ ಮುಂದೆ ನಿಂತು ಬಂದವರು ಮತ್ತೆ ಬಂದು ಹೀಗೆ ನಿಂತದ್ದನ್ನು ನೋಡಿದ್ದು ಅದೇ ಮೊದಲು. ಮಟ್ಟಗೋಲು ಹಿಡಿದ ಕೈ ಒಂದು ಗಳಿಗೆ ಸುಮ್ಮನೆ ನಿಂತಿತು. ಬಾಮೈದ ಕೆಳಗಿನಿಂದ, "ಭಾವ, ಲೈನ್ ನಿಲ್ಲಬಾರ್ದಂತೆ" ಎಂದು ಚುಚ್ಚಿದ.

ಅವರ ಊಟದ ವಿಚಾರವನ್ನೂ ಹೇಳಬೇಕು. ಆ ಮನೆಗಳ ಹೆಂಗಸರು ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಪಿಡಿ ಅರಿಸಿ ಅನ್ನುತ್ತಾರೆ ಅದಕ್ಕೆ. ಭಾನುವಾರ ಅದನ್ನು ಚರ್ಚಿಗೆ ತರುವುದು. ಕೆಲಸವಿಲ್ಲದವರ ಮನೆಗೆ, ಕಾಯಿಲೆಯವರ ಮನೆಗೆ ಅದು ಹೋಗುತ್ತದೆ, ಯಾರ ಮನೆಗೆ ಹೋಯಿತು ಎಂದು ಯಾರೂ ಮಾತಾಡುವುದಿಲ್ಲ. ಅವತ್ತು ಆ ಅಕ್ಕಿಯನ್ನೇ ಬೇಯಿಸಿದ್ದರು. ದಪ್ಪಕ್ಕಿ, ಸಣ್ಣಕ್ಕಿ, ರೇಷನ್ ಅಕ್ಕಿ ಎಲ್ಲವೂ ಸೇರಿದ ಅನ್ನ. ಒಂದು ಕಾಳು ಬೆಂದರೆ ಇನ್ನೊಂದು ಇನ್ನೂ ಬೇಯುತ್ತಿರುತ್ತದೆ. ಅದನ್ನು ಸರದಿಯ ಮೇಲೆ ಉಂಡರು. ತಾರಸಿ ಮುಗಿಯುವವರೆಗೂ ನಾನು ಮಾಲೀಕರ ಕಡೆಯ ಊಟ ಮುಟ್ಟುವವನಲ್ಲ. ಬೇಡವೆಂದೆ, ಕೈ ಕೂಡ ಸಿಮೆಂಟಾಗಿದೆ ಎಂದೆ. ಇಡ್ಲಿ ಮುದುಕಿ ಅಷ್ಟು ಮೆಟ್ಟಿಲೂ ಹತ್ತಿ ಬಂದು ಎದುರು ನಿಂತಳು.

"ಕೈ ಸಿಮೆಂಟಾದ್ರೆ ಬಾಯೇನಾಗೈತೆ? ತೆರೀಲಾ."

ನನಗೆ ಯಾರಾದರೂ ತುತ್ತಿಟ್ಟು ಎಷ್ಟು ಕಾಲವಾಗಿತ್ತೋ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗ ಬಾಯಿ ತೆರೆದೆ.

ಹೊತ್ತು ಮುಳುಗುವ ಮೊದಲು ಕಡೆಯ ಬಾಂಡ್ಲಿ ಬಿತ್ತು. ಮೋಡ ಬೆದರಿಸಿ ಬೇರೆ ಕಡೆ ಹೋಯಿತು. ಅವರು ಕೆಳಗೆ ನಿಂತು ಪ್ರಾರ್ಥನೆ ಮಾಡಿದರು. ನಾನು ಮೇಲೆಯೇ ನಿಂತು ತಲೆಯ ಟವೆಲ್ ತೆಗೆದೆ. ಆಮೇಲೆ ನೀರುಣಿಸುವ ಕೆಲಸಕ್ಕೆ ನಾನು ಆಳು ಇಡಲೇ ಇಲ್ಲ. ಡ್ಯೂಟಿಗೆ ಹೋಗುವವರು ಹೋಗುತ್ತಾ ನಾಲ್ಕು ಕೊಡ, ಬರುವವರು ಬರುತ್ತಾ ನಾಲ್ಕು ಕೊಡ. ತಾರಸಿಯ ಮೇಲೆ ಕಟ್ಟಿದ ಮಣ್ಣಿನ ಕಟ್ಟೆ ಒಂದು ದಿನವೂ ಒಣಗಲಿಲ್ಲ. ಮೀನು ಬಿಟ್ಟಿದ್ದರೆ ಬದುಕುತ್ತಿತ್ತು.

ಸೆಂಟ್ರಿಂಗ್ ಬಿಚ್ಚಿದ ದಿನ ತಲೆಯೆತ್ತಿ ನೋಡಿದೆ. ತೇಪೆ ಕಾಣುತ್ತದೆ ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ಹಳೇ ಬಟ್ಟೆಗಳ ಕೌದಿಯನ್ನು ಮೇಲೆ ಹರವಿದ ಹಾಗಿತ್ತು ಸೂರು. ಇಲ್ಲಿ ಬೂದಿ, ಅಲ್ಲಿ ಹಸಿರು, ಬಾಗಿಲ ಮೇಲೆ ಕಪ್ಪಗೆ ಒಂದು ತುಂಡು. ಗಟ್ಟಿತನಕ್ಕೆ ಒಂದು ಕೊಂಕೂ ಇರಲಿಲ್ಲ, ಸುತ್ತಿಗೆಯಲ್ಲಿ ತಟ್ಟಿದರೆ ಗಂಟೆಯ ಸದ್ದು. ಆದರೆ ನೋಡಿದವನು ಏನೆನ್ನುತ್ತಾನೆ? ಸಿಮೆಂಟು ಕದ್ದು ಬೂದಿ ಬೆರೆಸಿದ್ದಾನೆ ಎನ್ನುತ್ತಾನೆ. ಅಷ್ಟರಲ್ಲಿ ಫಿಟ್ಟರ್ ಬಂದ. ತಲೆಯೆತ್ತಿ ಬಹಳ ಹೊತ್ತು ನೋಡಿದ. ಫೋನಿನಲ್ಲಿ ಮೂಲೆ ಮೂಲೆಯ ಫೋಟೋ ತೆಗೆದುಕೊಂಡ. ನನ್ನ ಜೊತೆ ಒಂದು ಮಾತೂ ಆಡದೆ ಹೊರಟುಹೋದ.

ಸಂಜೆಗೆ ಪಾಸ್ಟರ ಫೋನು ಬಂತು. "ಮೇಸ್ತ್ರಿ, ಸಂಡೇ ಸಭೆಗೆ ವಾಂಗೊ. ಎಲ್ಲಾರ ಮುಂದೆ ಒಂದು ಸಾಕ್ಷಿ ಸೊಲ್ಲಬೇಕು."

ಸಭೆ. ಸಾಕ್ಷಿ. ನಮ್ಮ ಹಳ್ಳಿಯಲ್ಲಿ ಆ ಎರಡು ಮಾತು ಒಟ್ಟಿಗೆ ಬಂದರೆ ಅದಕ್ಕೆ ಒಂದೇ ಅರ್ಥ. ಯಾರೋ ಯಾರ ಮೇಲೋ ದೂರು ಕೊಟ್ಟಿದ್ದಾರೆ, ಹತ್ತು ಜನ ಕೂತಿದ್ದಾರೆ, ಬಂದು ನಿಜ ಹೇಳು. ಗದ್ದೆಯ ಬದುವಿನ ಜಗಳಕ್ಕೆ ನಮ್ಮಪ್ಪ ಹಾಗೆ ಸಾಕ್ಷಿ ಹೇಳಿ ಬಂದದ್ದು ನೋಡಿದ್ದೆ. ಫೋಟೋ ತೆಗೆದದ್ದು ಯಾಕೆಂದು ಈಗ ತಿಳಿಯಿತು ಅಂದುಕೊಂಡೆ. ಅಂಥ ಜನರೂ ಹೀಗೆ ಅನುಮಾನ ಪಡಬಹುದೇ ಎಂದು ಬೇಜಾರಾಯಿತು. ಅದಕ್ಕಿಂತ ಹೆಚ್ಚಾಗಿ ರೋಷ ಬಂತು.

ನಮ್ಮನೆಯವಳು, ನಿಮ್ಮ ಬಾಯಿ ಜೋರು ಮಾಡಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ ಎಂದಳು. ಬಾಮೈದ ನನ್ನ ಕಡೆಯವನಾಗಿ ಜೊತೆಗೆ ಹೊರಟ. ದಾರಿಯಲ್ಲಿ ಸುಮ್ಮನಿರದೆ, "ಭಾವ, ಸಾಕ್ಷಿ ಅಂದ್ಮೇಲೆ ಆ ಕಡೆ ಒಬ್ಬ ಲಾಯರೂ ಇರ್ತಾನೆ, ನೋಡ್ಕಳಿ" ಎಂದ. ನಾನು ಬಿಳಿ ಷರಟು ಹಾಕಿಕೊಂಡಿದ್ದೆ. ಜೇಬಿನಲ್ಲಿ ಟೇಪು ಇಟ್ಟುಕೊಂಡಿದ್ದೆ, ಅಳೆದು ತೋರಿಸು ಎಂದರೆ ಅಳೆಯೋಣ ಎಂದು.

ಕಲ್ಲಾದ ಮೂಟೆಯ ಮೆಟ್ಟಿಲು ಹತ್ತಿ ಒಳಗೆ ಹೋದೆ. ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ತಲೆಯ ಮೇಲೆ ತೇಪೆಯ ಸೂರು. ಹಾಡು, ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರು ನನ್ನನ್ನು ಕರೆದು ಮೈಕು ಕೈಗೆ ಕೊಟ್ಟರು. ನಾನು ಗಂಟಲು ಸರಿಮಾಡಿಕೊಂಡೆ.

"ನಾನು ಕಟ್ಟಿಸಿದ ಕಂಬಿ ಅಳತೆಗೆ ಸರಿಯಾಗದೆ," ಎಂದೆ. "ಒಂದು ತುಂಡು ಕಂಬೀನೂ ನಾನು ಮನೆಗೆ ತಗೊಂಡು ಹೋಗಿಲ್ಲ."

"ಸ್ತೋತ್ರಂ," ಎಂದರು ಎಲ್ಲರೂ ಒಟ್ಟಿಗೆ.

ನನಗೆ ಅರ್ಥವಾಗಲಿಲ್ಲ. ವ್ಯಂಗ್ಯವೇ ಇರಬೇಕು ಎಂದುಕೊಂಡು ಇನ್ನೂ ಗಟ್ಟಿಯಾಗಿ ಹೇಳಿದೆ. ನೀವು ತಂದ ಮೂಟೆಗಳಲ್ಲಿ ಒಂದೂ ಆಚೆ ಹೋಗಿಲ್ಲ ಎಂದೆ. ಸ್ತೋತ್ರಂ ಎಂದರು. ಬೂದಿ ಬೆರೆಸಿಲ್ಲ, ನನ್ನ ಮಕ್ಕಳ ಮೇಲಾಣೆ ಎಂದೆ. ಆಮೆನ್ ಎಂದರು, ಹಿಂದಿನ ಸಾಲಿನಲ್ಲಿ ಚಪ್ಪಾಳೆಯೂ ಬಿತ್ತು. ಬಣ್ಣ ಬೇರೆ ಬೇರೆ ಕಂಡರೆ ಅದು ನಿಮ್ಮ ಕಂಪನಿಗಳ ಬಣ್ಣ, ನನ್ನ ಕೆಲಸದ ದೋಷ ಅಲ್ಲ, ಬೇಕಾದರೆ ಕೂಲಿಯಿಲ್ಲದೆ ನಾನೇ ಗಾರೆ ಹಾಕಿ ಮುಚ್ಚಿ ಕೊಡುತ್ತೇನೆ ಎಂದೆ. ಈ ಸಲ ಯಾರೂ ಸ್ತೋತ್ರಂ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

ಪಾಸ್ಟರು ಮೆಲ್ಲಗೆ ಹತ್ತಿರ ಬಂದು, "ಮೇಸ್ತ್ರಿ, ನಿಮ್ಮ ಮೇಲೆ ಯಾರಾದ್ರೂ ಏನಾದ್ರೂ ಸೊನ್ನಾಂಗಳಾ?" ಎಂದು ಕೇಳಿದರು.

"ನೀವೇ ಅಲ್ವಾ ಸಾರ್ ಸಾಕ್ಷಿಗೆ ಕರ್ದಿದ್ದು?"

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೈಕಿನಲ್ಲೇ ಕೇಳಿದ್ದರಿಂದ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಅವರಲ್ಲಿ ಸಾಕ್ಷಿ ಎಂದರೆ ತಮಗೆ ಆದ ಒಳ್ಳೆಯದನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವುದಂತೆ. ಕಾಯಿಲೆ ವಾಸಿಯಾದವರು ಹೇಳುತ್ತಾರೆ, ಮಗಳ ಮದುವೆಯಾದವರು ಹೇಳುತ್ತಾರೆ. ಆಳುಗಳು ಬಾರದ ದಿನ ತಾರಸಿ ನಿಂತದ್ದು ದೊಡ್ಡ ವಿಷಯ, ಅದನ್ನು ನಿಲ್ಲಿಸಿದ ಮೇಸ್ತ್ರಿಯ ಬಾಯಿಂದ ಕೇಳೋಣ ಎಂದು ಅವರು ನನ್ನನ್ನು ಕರೆದಿದ್ದರು. ನಾನು ಕೋರ್ಟಿನ ಕಟಕಟೆಯಲ್ಲಿ ನಿಂತವನ ಹಾಗೆ ಹೇಳಿಕೆ ಕೊಟ್ಟಿದ್ದೆ. ನಕ್ಕರು. ಕೂತವರು ಪಕ್ಕದವರ ಭುಜ ಹಿಡಿದುಕೊಂಡು ನಕ್ಕರು. ಬಾಮೈದ ಗೋಡೆ ಹಿಡಿದುಕೊಂಡು ನಕ್ಕ. ಆ ನಗುವಿನಲ್ಲಿ ನನ್ನನ್ನು ಕೆಳಗೆ ಹಾಕುವುದೇನೂ ಇರಲಿಲ್ಲ. ಕಡೆಗೆ ನನಗೂ ನಗು ಬಂತು.

"ಹಾಗಾದ್ರೆ ಆ ಫೋಟೋ ಯಾಕಪ್ಪಾ?" ಎಂದು ಫಿಟ್ಟರನನ್ನು ಕೇಳಿದೆ.

ಅವನು ಎದ್ದು ನಿಂತ. ಅವನಿಗೆ ಅವತ್ತು ಮಾತು ಬರಲಿಲ್ಲವಂತೆ, ಅದಕ್ಕೇ ಸುಮ್ಮನೆ ಹೋದನಂತೆ. ಫೋಟೋ ಗುಂಪಿಗೆ ಹಾಕಿದಾಗಿನಿಂದ ಮನೆಮನೆಯಲ್ಲೂ ಅದೇ ಮಾತು. ಇದು ನಮ್ಮ ಮೂಟೆ, ಅದು ನಿಮ್ಮದು ಎಂದು ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದಾರೆ. ಗಾರೆ ಹಾಕುವುದು ಬೇಡ, ಹೀಗೆಯೇ ಬಿಡಿ ಎಂದು ಕೇಳಿಕೊಳ್ಳಬೇಕು ಎಂದಿದ್ದರು.

ಇದು ನನಗೆ ದೂರಿಗಿಂತ ಕಷ್ಟವಾಯಿತು. ಗಾರೆಯಿಲ್ಲದ ಸೂರೆಂದರೆ ತಗಡಿನ ಗೆರೆ, ಮೊಳೆಯ ಗುರುತು, ತೇಪೆ ಎಲ್ಲವೂ ಬಂದವರ ಕಣ್ಣಿಗೆ. ಯಾವ ಮೇಸ್ತ್ರಿಯೂ ಒಪ್ಪುವ ಮಾತಲ್ಲ. ಹಾಗೆಂದೇ ಹೇಳಿದೆ. ನೋಡಿದವರು ನಿಮ್ಮನ್ನಲ್ಲ, ನನ್ನನ್ನು ಆಡಿಕೊಳ್ಳುತ್ತಾರೆ, ನನ್ನ ಹೆಸರು ಹೋಗುತ್ತದೆ ಎಂದೆ. ಆಗ ಬಾಗಿಲ ಹತ್ತಿರ, ಆ ಕಪ್ಪು ತುಂಡಿನ ಕೆಳಗೆ ಕೂತಿದ್ದ ಇಡ್ಲಿ ಮುದುಕಿ ಮಾತಾಡಿದಳು.

"ಅದಿರ್ಲಿ. ನೀನೂ ಒಂದು ಮೂಟೆ ಕೊಟ್ಯಲ್ಲಪ್ಪಾ. ಎಲ್ಲೈತೆ ಅದು?"

ಅದು ಫಿಟ್ಟರಿಗೂ ಬಾಮೈದನಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಫಿಟ್ಟರ್ ತಲೆ ತಗ್ಗಿಸಿದ್ದು ನೋಡಿ ಹೇಳಿದವನು ಯಾರೆಂದು ತಿಳಿಯಿತು. ನಾನು ತಲೆಯೆತ್ತಿದೆ. ಎಲ್ಲಿ ಹಾಕಿಸಿದ್ದೆ ಎಂದು ಹುಡುಕಬೇಕಾಗಲಿಲ್ಲ. ತಮಟೆಯವರು ಕೂರುವ ಕಡೆ ಬೂದಿ ಬಣ್ಣದ ಅಗಲವಾದ ತುಂಡೊಂದಿದೆ, ಅದರ ಅಂಚು ಫಿಟ್ಟರನ ಪಕ್ಕದ ಮನೆಯವರ ಹಸಿರು ತುಂಡಿಗೆ ತಾಗಿದೆ. ಬೆರಳು ತೋರಿಸಿದೆ. ಎಲ್ಲರೂ ತಲೆಯೆತ್ತಿ ಅದನ್ನು ನೋಡಿದರು.

"ಹಂಗಾದ್ರೆ ಮುಚ್ಚಬ್ಯಾಡ," ಎಂದಳು ಮುದುಕಿ.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಭಾಷಣ ನನಗೆ ಬರುವುದಿಲ್ಲ. ಆದರೆ ಅವರು ಕೇಳಿದ್ದನ್ನು ಕೊಡದೆ ಇಳಿಯುವುದು ಸರಿಯಲ್ಲ ಅನಿಸಿತು. ಅವತ್ತು ಮಧ್ಯಾಹ್ನ ಬಸ್ಸಿನ ಹಾರನ್ನು ಕೇಳಿದಾಗ ನನ್ನ ಕತೆ ಮುಗಿಯಿತು ಅಂದುಕೊಂಡಿದ್ದೆ, ಆ ಬಸ್ಸಿನಿಂದ ನೀವು ಇಳಿದಿರಿ, ಈ ತಾರಸಿ ನನ್ನದು ಅಂತ ನಾನು ಎಲ್ಲೂ ಹೇಳಲ್ಲ, ಎಂದೆ. ಅಷ್ಟೇ ಹೇಳಿದ್ದು. ಸ್ತೋತ್ರಂ ಎಂದರು. ಈ ಸಲ ಅದು ಯಾಕೆಂದು ನನಗೆ ಗೊತ್ತಿತ್ತು.

ಗಾರೆ ಹಾಕಲಿಲ್ಲ. ಮಳೆಗಾಲ ಬಂದು ಹೋಗಿದೆ, ಒಂದು ಹನಿ ಇಳಿದಿಲ್ಲ. ಮಳೆ ಬಂದರೂ ಈಗ ಪಾಸ್ಟರ ಮಾತು ಕೇಳುತ್ತದೆ. ನಮ್ಮನೆಯವಳಿಗೆ ಅದೊಂದೇ ಬೇಜಾರು, ಮಳೆಗೂ ತಮಟೆಗೂ ನಡೆಯುತ್ತಿದ್ದ ಪಂದ್ಯ ನಿಂತುಹೋಯಿತು ಎಂದು.

ಹೊಸದಾಗಿ ಮನೆ ಕಟ್ಟುವವರು ನಿಮ್ಮ ಕೆಲಸ ಎಲ್ಲಾದರೂ ತೋರಿಸಿ ಎಂದು ಕೇಳಿದರೆ ನಾನು ಮೊದಲೆಲ್ಲ ಎಸ್ಟೇಟಿನ ಹತ್ತಿರದ ಮೂರಂತಸ್ತಿನ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಈಗ ಈ ಚರ್ಚಿಗೇ ಕರೆದುಕೊಂಡು ಬರುತ್ತೇನೆ. ಒಳಗೆ ಕಾಲಿಟ್ಟವರು ತಲೆಯೆತ್ತಿ ಹುಬ್ಬು ಗಂಟಿಕ್ಕುತ್ತಾರೆ, ಇದೇನು ಮೇಸ್ತ್ರಿ ಹೀಗೆ ತೇಪೆ ತೇಪೆ ಎನ್ನುತ್ತಾರೆ. ನಾನು ಬಾಗಿಲ ಮೇಲಿನ ಕಪ್ಪು ತುಂಡಿನಿಂದ ಶುರುಮಾಡುತ್ತೇನೆ. ಬಾಮೈದ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವರಿಗೆ ಹೇಳುತ್ತಾನೆ:

"ನೀವೂ ಕೂತ್ಕಳಿ ಸಾರ್. ನಮ್ ಭಾವ ಸಾಕ್ಷಿ ಹೇಳಕ್ಕೆ ನಿಂತ್ರು."